ಹೋರಿಯ ಹಗ್ಗ ಯಾರ ಕೈಯಲ್ಲಿತ್ತು

ನಾನು ನಿಂತಿದ್ದು ನಮ್ಮ ಮನೆಯ ಕೊಟ್ಟಿಗೆಯ ಮೇಲಿನ ಅಟ್ಟದಲ್ಲಿ, ಮುಂದಿನ ಅಂಗಳಕ್ಕೆ ತೆರೆದುಕೊಂಡ ಕಿಂಡಿಯ ಹಿಂದೆ. ಆ ಕಿಂಡಿ ಒಂದು ಗೇಣು ಅಗಲ, ಒಂದೂವರೆ ಗೇಣು ಎತ್ತರ. ಅದಕ್ಕೆ ಬಾಗಿಲಿರಲಿಲ್ಲ. ಅಲ್ಲಿಂದ ಅಂಗಳದ ಎರಡು ಕಲ್ಲುಗೂಟ, ಜಗುಲಿಯ ಮೆಟ್ಟಿಲು, ಹಿತ್ತಿಲಿಗೆ ಹೋಗುವ ದಾರಿಗೆ ಅಡ್ಡ ಹಾಕಿದ್ದ ಮೂರು ಬಿದಿರ ಗಳ, ಇಷ್ಟು ಸರಿಯಾಗಿ ಕಾಣುತ್ತಿದ್ದವು. ಬೀದಿ ಕಾಣುತ್ತಿರಲಿಲ್ಲ. ದೀಪಾವಳಿ ಕಳೆದ ಎರಡನೇ ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಹೊಳೆನರಸೀಪುರದಿಂದ ಬರುವ ಬಸ್ಸು ಆಗತಾನೆ ಊರ ಮುಂದೆ ಹಾರನ್ ಹೊಡೆದಿತ್ತು. ಆ ಬಸ್ಸಿನಲ್ಲಿ ಬರುವವರಿಗೆ ಕಾಫಿ ಕೊಡಲು ಹಿತ್ತಾಳೆ ಲೋಟ ಇಳಿಸಿಕೊಂಡು ಬಾ ಎಂದು ಅವ್ವ ನನ್ನನ್ನು ಅಟ್ಟ ಹತ್ತಿಸಿದ್ದಳು. ನನಗೆ ಹನ್ನೊಂದು ವರ್ಷ. ಕಣ್ಣು ಚೆನ್ನಾಗಿತ್ತು.

ಮುಂದೆ ನಾನು ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ಸಾಕ್ಷಿ ಹೇಳುವವರನ್ನು ವಕೀಲರು ಮೊದಲು ಕೇಳುವುದು ನೀನು ಎಲ್ಲಿ ನಿಂತಿದ್ದೆ ಎಂದು. ಆದ್ದರಿಂದ ಅದನ್ನೇ ಮೊದಲು ಬರೆದಿದ್ದೇನೆ. ಆ ದಿನ ನಮ್ಮಪ್ಪ ಒಂದು ತಪ್ಪು ಮಾಡಿದ. ಅದನ್ನು ನಮ್ಮ ಮನೆಯಲ್ಲಿ ಹೋರಿ ನೋಡಿಕೊಳ್ಳುತ್ತಿದ್ದ ತಮ್ಮಯ್ಯನ ಮೇಲೆ ಹೊರಿಸಿದ. ಆ ತಪ್ಪು ಎಂಥದೆಂದು ತಿಳಿಯಬೇಕಾದರೆ ನಮ್ಮ ಮನೆ ಹೇಗೆ ನಡೆಯುತ್ತಿತ್ತು ಎಂದು ಮೊದಲು ಹೇಳಬೇಕು.

ನಮ್ಮೂರು ಹಳೇಕೋಟೆಗೆ ಎರಡು ಮೈಲಿ. ಸುತ್ತಿನ ಊರುಗಳಲ್ಲಿ ನಮ್ಮದನ್ನು ಹೋರಿ ಮನೆ ಎಂದೇ ಕರೆಯುತ್ತಿದ್ದರು. ಹಳ್ಳಿಕಾರ್ ತಳಿಯ ಬೀಜದ ಹೋರಿ ಸಾಕುವುದು ತಾತನಿಗೆ ಅವನಪ್ಪನಿಂದ ಬಂದಿತ್ತು. ಹಸು ಬೆದೆಗೆ ಬಂದರೆ ಜನ ಹೊಡೆದುಕೊಂಡು ಬರುತ್ತಿದ್ದುದು ನಮ್ಮ ಅಂಗಳಕ್ಕೆ. ಅದಕ್ಕೆ ತಾತ ದುಡ್ಡು ಮುಟ್ಟುತ್ತಿರಲಿಲ್ಲ. ಬಂದವರು ಒಂದು ಹೊರೆ ಹುಲ್ಲನ್ನೋ ಮೊರದಲ್ಲಿ ಹುರುಳಿಯನ್ನೋ ಜಗುಲಿಯ ಮೇಲಿಟ್ಟು ಹೋಗುವರು. ಆ ಹುರುಳಿಯನ್ನು ಅವ್ವ ಬೆಳಿಗ್ಗೆ ದೊಡ್ಡ ಹಂಡೆಯಲ್ಲಿ ಬೇಯಿಸುವಳು. ಬೆಂದ ಕಾಳು ಹೋರಿಗೆ, ಬಸಿದ ಕಟ್ಟು ನಮ್ಮ ಸಾರಿಗೆ. ವಾರದಲ್ಲಿ ಐದು ದಿನ ಹುರುಳಿಕಟ್ಟಿನ ಸಾರು. ಅಪ್ಪನ ತಂಗಿ ಜಯತ್ತೆ, ಆಗ ಇನ್ನೂ ಮದುವೆಯಾಗದವಳು, ತಟ್ಟೆ ಮುಂದೆ ಕೂತು ಗೊಣಗುತ್ತಿದ್ದಳು.

"ಕಾಳು ಅವಕ್ಕೆ, ನೀರು ನಮ್ಗೆ. ಮುಂದಿನ್ ಜನ್ಮದಲ್ಲಿ ಈ ಮನೇಲಿ ಹೋರಿಯಾಗಿ ಹುಟ್ತೀನಿ ಕಣತ್ಗೆ."

"ಹುಟ್ಟವ್ವ, ಹುಟ್ಟು. ನಿಂಗೂ ಮೂಗುದಾರ ಹಾಕೋರು ಬೇಕಲ್ಲ," ಎಂದು ಅವ್ವ ನಗುತ್ತಿದ್ದಳು.

ಹಸು ಬಂದಾಗ ಹೆಣ್ಣುಮಕ್ಕಳು ಹೊರಗೆ ಇರಬಾರದು. ಅದು ಮನೆಯ ಕಟ್ಟಳೆ. ಅಂಗಳದಲ್ಲಿ ಗೊರಸಿನ ಸದ್ದಾದರೆ ಅವ್ವ ನಡುಮನೆಯ ಬಾಗಿಲು ಮುಂದಕ್ಕೆ ಹಾಕಿ, ನನಗೂ ಜಯತ್ತೆಗೂ ಮೊರ ಕೊಟ್ಟು ಅಕ್ಕಿಯಲ್ಲಿ ಕಲ್ಲು ಆರಿಸಲು ಕೂರಿಸುವಳು. ಜಯತ್ತೆ ತಲೆಯೆತ್ತದೆ ಆರಿಸುವಳು. ನಾನು ಒಂಬತ್ತು ವರ್ಷಕ್ಕೇ ಅಟ್ಟದ ಕಿಂಡಿ ಕಂಡುಕೊಂಡಿದ್ದೆ. ಹುಲ್ಲು ಇಳಿಸುವ ನೆಪದಲ್ಲಿ ಹತ್ತಿ, ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅಲ್ಲಿ ಕಂಡದ್ದರಲ್ಲಿ ಅಶ್ಲೀಲವೆನ್ನುವಂಥದ್ದು ಏನೂ ಇರಲಿಲ್ಲ. ತಾತ ಹಸುವಿನ ಹಣೆ ಹಿಡಿದು ಏನೋ ಹೇಳುತ್ತ ನಿಂತಿರುತ್ತಿದ್ದ. ತಮ್ಮಯ್ಯ ಹೋರಿಯ ಹಗ್ಗ ಹಿಡಿದು ಕಾಯುತ್ತಿದ್ದ. ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದು, ಹಸುವಿನ ಬೆನ್ನ ಮೇಲೆ ತಣ್ಣೀರು ಹಾಕಿ ಕಳಿಸುವರು. ಆದರೂ ಕಿಂಡಿಗೆ ಹೋಗುವುದು ಸಿಕ್ಕಿಬೀಳಬಾರದ ಕೆಲಸವೆಂದು ನನಗೆ ಗೊತ್ತಿತ್ತು. ಇದನ್ನು ಇಲ್ಲಿ ಹೇಳುವುದು ಮುಂದೆ ನಾನು ಆಡಿದ ಸುಳ್ಳಿನಲ್ಲಿ ಇದಕ್ಕೂ ಪಾಲಿದೆ ಎಂಬ ಕಾರಣಕ್ಕೆ. ಅದೇ ಪೂರ್ತಿ ಕಾರಣವಲ್ಲ.

ಆಗ ಮನೆಯಲ್ಲಿ ಎರಡು ಹೋರಿ ಇದ್ದವು. ದೊಡ್ಡದರ ಹೆಸರು ಬೂದ, ಎಂಟು ವರ್ಷದ್ದು. ಚಿಕ್ಕದಕ್ಕೆ ಕಣ್ಣಿನ ಸುತ್ತ ಕಪ್ಪಿದ್ದುದರಿಂದ ಕಾಡಿಗೆ ಎಂದು ಜಯತ್ತೆ ಹೆಸರಿಟ್ಟಿದ್ದಳು. ಆ ವರ್ಷ ಅದಕ್ಕೆ ಮೂರು ತುಂಬಿತ್ತು. ಮೊದಲ ಸಲ ಹಸುವಿಗೆ ಬಿಡುವ ವರ್ಷ. ಎಳೆ ಹೋರಿಯನ್ನು ಅದಕ್ಕೆ ಅಣಿಮಾಡುವುದಕ್ಕೆ ತಾತ ಒಂದು ಇಡೀ ಬೇಸಿಗೆ ತೆಗೆದುಕೊಂಡ. ಕೊಬ್ಬಿಸಬಾರದು, ಕೊಬ್ಬಿದ್ದು ಸೋಮಾರಿಯಾಗುತ್ತದೆ. ಸೊರಗಿಸಲೂ ಬಾರದು. ಬೆಳಗಿನ ಬಿಸಿಲಿನಲ್ಲಿ ಪಕ್ಕಕ್ಕೆ ನಿಂತು ನೋಡಿದರೆ ಎರಡು ಪಕ್ಕೆಲುಬು ಕಾಣಬೇಕು, ಮೂರನೆಯದು ಕಾಣಬಾರದು ಎನ್ನುತ್ತಿದ್ದ. ದಿನಾ ಬೆಳಿಗ್ಗೆ ತಮ್ಮಯ್ಯ ಅದನ್ನು ಕೆರೆಯ ಏರಿಯ ಮೇಲೆ ಹೋಗಿಬರುವಷ್ಟು ನಡೆಸಬೇಕು. ಗೊರಸು ಕೆತ್ತಿಸಬೇಕು. ಹಿಂಗಾಲು ನೋಯುವ ಹೋರಿ ಮೇಲೇಳಲು ಅಂಜುತ್ತದೆ. ಮಳೆ ಬಿದ್ದು ಹಸಿ ಹುಲ್ಲು ಬರುವ ಹೊತ್ತಿಗೆ ತಾತ ತಾನೇ ಕೂತು ಅದರ ಬೀಜ ಎರಡೂ ಸಮವಾಗಿವೆಯೇ, ಬಾವು ಗಂಟು ಇದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡಿದ. ಮೊದಲ ಹಸು ಕಡಸಾಗಿರಕೂಡದು, ಎರಡು ಮೂರು ಕರು ಹಾಕಿದ ಸಾಧು ಹಸುವಾಗಿರಬೇಕು. ಕಡಸು ಒದ್ದರೆ ಎಳೆ ಹೋರಿ ಆ ಹೆದರಿಕೆಯನ್ನು ಬಹಳ ಕಾಲ ಮರೆಯುವುದಿಲ್ಲ. ಎಂಟು ದಿನಕ್ಕೆ ಒಂದು ಹಸು, ಹೆಚ್ಚಿಲ್ಲ. ಉಳಿದವೆಲ್ಲ ಬೂದನಿಗೆ.

ಇದನ್ನೆಲ್ಲ ಹೇಳುತ್ತಿದ್ದವನು ತಾತ, ಮಾಡುತ್ತಿದ್ದವನು ತಮ್ಮಯ್ಯ. ಆಗ ಅವನಿಗೆ ಇಪ್ಪತ್ತೈದಿರಬಹುದು. ನಮ್ಮೂರ ಕೆಳಗಿನ ಕೇರಿಯವನು. ಬೆಳಿಗ್ಗೆ ನಮಗಿಂತ ಮುಂಚೆ ಬರುತ್ತಿದ್ದ. ಅವನ ಊಟ ಹಿತ್ತಿಲಲ್ಲಿ, ಅವನ ತಟ್ಟೆ ಹಿತ್ತಿಲ ಹುಲ್ಲು ಹೊದಿಸಿದ ಮಾಡಿನಲ್ಲಿ. ಅದನ್ನು ಆಗ ನಾವು ಯಾರೂ ಬೇರೆ ರೀತಿ ಯೋಚಿಸಿರಲಿಲ್ಲ. ಕಾಡಿಗೆ ಎರಡು ಹಸು ಕಂಡ ಮೇಲೆ ಮೇವು ಬಿಟ್ಟು ಕೂಗುತ್ತ ನಿಂತಾಗ ಅದರ ಕುತ್ತಿಗೆ ತಿಕ್ಕುತ್ತ ಮಧ್ಯಾಹ್ನವೆಲ್ಲ ಕೂತವನು ಅವನು.

"ಮದ್ವೆ ಆದೋರೆಲ್ಲ ಇಂಗೇ ಕಣ್ಲಾ. ಮೊದ್ಲು ಊಟ ಬಿಡ್ತಾರೆ, ಆಮೇಲೆ ಮಾತ್ ಬಿಡ್ತಾರೆ," ಎಂದು ಅದಕ್ಕೆ ಹೇಳುತ್ತಿದ್ದ. ತಾತ ಜಗುಲಿಯ ಮೇಲೆ ಕೂತು ಕೇಳಿಸಿಕೊಂಡು ನಗುತ್ತಿದ್ದ.

ಬೆದೆಯ ಕಾಲ ನವರಾತ್ರಿಯ ಹೊತ್ತಿಗೆ ಮುಗಿಯುತ್ತಿತ್ತು. ಅದಾದ ಮೇಲಿನ ಒಂದು ತಿಂಗಳು ಇಡೀ ವರ್ಷದಲ್ಲಿ ಕಷ್ಟದ ಕಾಲವೆಂದು ತಾತ ಹೇಳುತ್ತಿದ್ದ. ಹಸು ಕಂಡ ಎಳೆ ಹೋರಿ ಮೊದಲಿನ ಹೋರಿಯಾಗಿರುವುದಿಲ್ಲ. ಮೈ ಇಳಿದಿರುತ್ತದೆ, ಮನಸ್ಸು ಏರಿರುತ್ತದೆ. ಮುಂಚೆ ಬೂದನ ಪಕ್ಕದಲ್ಲಿ ಕರುವಿನಂತೆ ನಿಲ್ಲುತ್ತಿದ್ದುದು ಈಗ ಅದನ್ನು ಎದುರಾಳಿ ಎಂದು ನೋಡುತ್ತದೆ. ಅದಕ್ಕೇ ಕಾಡಿಗೆಯನ್ನು ಹಿತ್ತಿಲ ಮಾಡಿಗೆ ಬೇರೆ ಕಟ್ಟಿದ್ದರು. ಮೊದಲ ಹದಿನೈದು ದಿನ ಎರಡಕ್ಕೂ ಪರಸ್ಪರ ಮುಖ ಕಾಣಬಾರದು. ಮೈಯ ಮೇಲಿನ ಹಸುವಿನ ವಾಸನೆ ಹೋಗಲೆಂದು ತಮ್ಮಯ್ಯ ಅದನ್ನು ಬೂದಿ ಸೀಗೆ ಹಾಕಿ ತೊಳೆಯುತ್ತಿದ್ದ. ಆಮೇಲೆ ಹದಿನೈದು ದಿನ ಬೂದನ ಕಾಲಡಿಯ ಹುಲ್ಲನ್ನು ತಂದು ಇದರ ಕಾಲಡಿಗೆ, ಇದರದನ್ನು ಒಯ್ದು ಅದರ ಕಾಲಡಿಗೆ ಹಾಸುವುದು, ದಿನಕ್ಕೊಂದು ಸಲ ಗಳದ ಆಚೆ ಈಚೆ ನಿಲ್ಲಿಸಿ ನೋಡಗೊಡುವುದು. ಇದನ್ನು ವಾಸನೆ ಹಳತು ಮಾಡುವುದು ಎನ್ನುತ್ತಿದ್ದರು. ಎರಡನೆಯ ಹದಿನೈದರ ಲೆಕ್ಕಕ್ಕೆ ತಮ್ಮಯ್ಯ ಮಾಡಿನ ಗೋಡೆಯ ಮೇಲೆ ಇದ್ದಲಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದ. ಆ ಗುರುವಾರ ಗೋಡೆಯ ಮೇಲೆ ಹತ್ತು ಗೀಟಿದ್ದವು. ಹಿಂದಿನ ಸಂಜೆ ನಾನೇ ಎಣಿಸಿದ್ದೆ.

ಅಂದು ಬರುವವರು ಜಯತ್ತೆಯನ್ನು ನೋಡುವವರು. ಚನ್ನರಾಯಪಟ್ಟಣದ ಕಡೆಯವರು, ಅವರೂ ದನ ಕಟ್ಟಿದ ಮನೆತನ. ಅದಕ್ಕೆ ಹಿಂದೆ ಬಂದ ಒಂದು ಸಂಬಂಧ ತಪ್ಪಿಹೋಗಿತ್ತು. ಬೆಳಿಗ್ಗೆ ರೊಟ್ಟಿ ತಿನ್ನುವಾಗ ಅಪ್ಪ ಮಾತು ತೆಗೆದ.

"ಎಡಗಡೆ ಗೂಟ ಖಾಲಿ ಐತೆ. ಹೋರಿ ಮನೆ ಅಂತ ಬರೋರು, ಒಂದೇ ಹೋರಿ ಕಂಡ್ರೆ ಏನಂದ್ಕಂಡಾರು?"

ತಾತ ರೊಟ್ಟಿ ಮುರಿಯುತ್ತಲೇ ಹೇಳಿದ. "ಏನಾದ್ರೂ ಅಂದ್ಕಳ್ಳಿ. ಇನ್ನೂ ಐದು ದಿನ ಐತೆ."

"ಅವ್ರು ಹೆಣ್ಣು ನೋಡೋಕ್ ಮುಂಚೆ ಗೂಟ ನೋಡೋ ಜನ ಕಣಪ್ಪ. ಒಂದರ್ಧ ಗಂಟೆ ಕಟ್ಟಿದ್ರೆ ಆಯ್ತು."

"ಹೆಣ್ಣು ಒಳಗೈತೆ, ಒಳಗೇ ನೋಡ್ಲಿ ಬುಡು," ಎಂದು ತಾತ ಎದ್ದು ಸ್ನಾನಕ್ಕೆ ಹೋದ.

ಅಪ್ಪ ಕೆಟ್ಟವನಲ್ಲ. ತಂಗಿಯ ಮದುವೆಯ ಚಿಂತೆ ಅವನಿಗೆ ಎಲ್ಲರಿಗಿಂತ ಹೆಚ್ಚಿತ್ತು. ನಮ್ಮ ಕಡೆ ಮನೆಯ ಮುಂದಿನ ಗೂಟವನ್ನು ನೋಡಿಯೇ ಮನೆಯ ತೂಕ ಹೇಳುತ್ತಿದ್ದರು ಎಂಬುದೂ ನಿಜ. ಇದನ್ನು ಅವನ ಪರವಾಗಿ ಬರೆಯುತ್ತಿದ್ದೇನೆ.

ಈಗ ಕಂಡದ್ದು. ಅಟ್ಟದಲ್ಲಿ ಎರಡು ಲೋಟ ಕೈಗೆ ತೆಗೆದುಕೊಂಡಾಗ ಬಸ್ಸಿನ ಹಾರನ್ ಕೇಳಿತು. ಬಂದವರು ಕಾಣುತ್ತಾರೇನೋ ಎಂದು ಕಿಂಡಿಗೆ ಹೋದೆ. ಬೂದನನ್ನು ಬಲಗಡೆಯ ಗೂಟಕ್ಕೆ ಕಟ್ಟಿತ್ತು. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಅಪ್ಪ ಹಿತ್ತಿಲ ದಾರಿಯ ಗಳಗಳನ್ನು ಒಂದೊಂದಾಗಿ ಸರಿಸಿ ಗೋಡೆಗೆ ಒರಗಿಸಿದ. ಮೂರನ್ನೂ ಅವನೇ ಸರಿಸಿದ. ಹಿತ್ತಿಲೊಳಗೆ ಹೋಗಿ, ಕಾಡಿಗೆಯ ಹಗ್ಗವನ್ನು ಬಲಗೈಗೆ ಒಂದು ಸುತ್ತು ಸುತ್ತಿಕೊಂಡು ಹೊರಗೆ ತಂದ. ಆಗ ತಮ್ಮಯ್ಯ ಬಾವಿಯ ಕಡೆಯಿಂದ ಬಂದ. ಅವನ ಎರಡು ಕೈಯಲ್ಲೂ ನೀರು ತುಂಬಿದ ಬಕೆಟ್ ಇತ್ತು.

"ಗೌಡ್ರೇ, ಬ್ಯಾಡಿ! ಗಾಳಿ ಬೂದನ್ ಕಡೆಯಿಂದ ಬೀಸ್ತೈತೆ, ವಾಸ್ನೆ ಇಡೀತದೆ."

"ನೀ ಸುಮ್ಕಿರ್ಲಾ. ಅವ್ರು ಬಂದ್ಬುಟ್ರು."

ಕಾಡಿಗೆ ನಾಲ್ಕು ಹೆಜ್ಜೆ ಸರಿಯಾಗಿ ಬಂತು. ಐದನೆಯದಕ್ಕೆ ನಿಂತಿತು. ಬೂದ ತಲೆ ತಗ್ಗಿಸಿ ಮುಂಗಾಲಿನಲ್ಲಿ ಒಂದು ಸಲ ಮಣ್ಣು ಕೆರೆಯಿತು. ಅಷ್ಟೇ. ಕಾಡಿಗೆ ಹಾರಿದಾಗ ಹಗ್ಗ ಅಪ್ಪನ ಕೈಯಿಂದ ಸರ್ರನೆ ಹೋಯಿತು. ಕಟ್ಟಿಹಾಕಿದ ಹೋರಿಗೆ ತಿರುಗಲು ಆಗುವುದಿಲ್ಲ. ತಿರುಗಲಾಗದೆ ಪಕ್ಕೆ ಒಡ್ಡಿ ನಿಂತರೆ ಕೊಂಬು ಹೊಟ್ಟೆಗೇ ಹೋಗುತ್ತದೆ. ಅದು ಗೊತ್ತಿದ್ದ ತಾತ, ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಜಗುಲಿಗೆ ಬಂದವನು, ಮೆಟ್ಟಿಲಿಳಿದು ಓಡಿ ಬೂದನ ಗಂಟು ಬಿಚ್ಚಲು ಬಗ್ಗಿದ. ಗಂಟು ಬಿಚ್ಚಿದ. ಬೂದ ಸರ್ರೆಂದು ಸುತ್ತಿದಾಗ ಅದರ ಹಿಂಭಾಗ ತಾತನನ್ನು ಕಲ್ಲುಗೂಟಕ್ಕೆ ಒತ್ತಿತು. ಒಣಗಿದ ಸೌದೆ ಮುರಿದಂತೆ ಸದ್ದಾಯಿತು. ಅದು ನನಗೆ ಅಟ್ಟದವರೆಗೂ ಕೇಳಿಸಿತು. ತಮ್ಮಯ್ಯ ಒಂದು ಬಕೆಟ್ ನೀರನ್ನು ಕಾಡಿಗೆಯ ಮುಖಕ್ಕೆ ಎರಚಿ, ಅದು ಕಣ್ಣುಮುಚ್ಚಿದ ಹೊತ್ತಿನಲ್ಲಿ ಮೂಗುದಾರಕ್ಕೆ ಕೈಹಾಕಿ ತಿರುಚಿ, ಹಿಂದೆ ಹಿಂದೆ ನಡೆಸಿಕೊಂಡು ಹಿತ್ತಿಲಿಗೆ ಒಯ್ದ. ಮೊದಲಿಂದ ಇಲ್ಲಿಯವರೆಗೆ ನಾನು ಎರಡು ಲೋಟವನ್ನೂ ಕೆಳಗಿಟ್ಟಿರಲಿಲ್ಲ.

ತಮ್ಮಯ್ಯ ಗಳ ಹಾಕಿ ವಾಪಸು ಬರುವಷ್ಟರಲ್ಲಿ ಬೀದಿಯವರು, ಬಸ್ಸಿಳಿದ ನೆಂಟರು, ಎಲ್ಲ ಅಂಗಳದಲ್ಲಿದ್ದರು. ಅಪ್ಪ ಬಲಗೈಯನ್ನು ಪಂಚೆಯ ಮಡಿಲಲ್ಲಿ ಮುಚ್ಚಿಕೊಂಡು ನಿಂತಿದ್ದ. ನೆಂಟರಲ್ಲಿ ಹಿರಿಯರೊಬ್ಬರು ಏನಾಯ್ತು ಗೌಡ್ರೇ ಎಂದರು.

"ಇವ್ನು ಸಾ, ಈ ನನ್ಮಗ ಗಳ ತೆಗುದ್ಬುಟ್ಟವನೆ!"

ತಮ್ಮಯ್ಯ ಒಂದೇ ಸಲ ಹೇಳಿದ. "ಗಳ ನಾನ್ ತೆಗೀಲಿಲ್ಲ. ಗೌಡ್ರೇ ಹೋರಿ ಹಿಡ್ಕಂಡ್ ಬಂದ್ರು." ಯಾರೋ ಅವನ ಬೆನ್ನಿಗೆ ಹೊಡೆದರು. ಅವನು ಮತ್ತೆ ಹೇಳಲಿಲ್ಲ. ತಮ್ಮಯ್ಯ ಅಪ್ಪನ ಮುಚ್ಚಿದ ಕೈಯನ್ನು ನೋಡಿದ. ಆಮೇಲೆ ತಲೆಯೆತ್ತಿ ಅಟ್ಟದ ಕಿಂಡಿಯನ್ನು ನೋಡಿದ. ನಾನು ಅಲ್ಲೇ ಇದ್ದೆ. ನನ್ನ ಕಣ್ಣು ಅವನಿಗೆ ಕಂಡಿತು. ನಾನು ಹಿಂದಕ್ಕೆ ಸರಿದೆ.

ತಾತನ ಸೊಂಟದ ಮೂಳೆ ಮುರಿದಿತ್ತು. ಮೂಳೆ ಕಟ್ಟುವವರು ಮೊಟ್ಟೆಯ ಬಿಳಿ ಹಚ್ಚಿ ಬಿದಿರ ದಬ್ಬೆ ಕಟ್ಟಿದರು. ಸಂಜೆ ತಾತ ನನ್ನನ್ನು ಮಂಚದ ಹತ್ತಿರ ಕರೆದ. ಅವನಿಗೆ ಕಾಡಿಗೆ ಹಾರಿದ್ದು ಕಂಡಿತ್ತು, ಅದನ್ನು ತಂದವರು ಕಂಡಿರಲಿಲ್ಲ. ಬಾಗಿಲಲ್ಲಿ ಅಪ್ಪ ನಿಂತಿದ್ದ, ಹಗ್ಗ ಸುಲಿದ ಕೈಗೆ ಅರಿಸಿನದ ಬಟ್ಟೆ ಸುತ್ತಿಕೊಂಡು. ಕಿಟಕಿಯ ಹೊರಗೆ ತಮ್ಮಯ್ಯ ನಿಂತಿದ್ದುದೂ ನನಗೆ ಗೊತ್ತಿತ್ತು.

"ಸಾವಿ, ಅಟ್ಟದಲ್ಲಿ ನೀನಿದ್ಯಲ್ಲ ಮಗ. ಗಳ ತೆಗ್ದೋರ್ಯಾರು?"

"ನಾನು ಕಿಂಡಿ ಹತ್ರ ಹೋಗ್ಲಿಲ್ಲ ತಾತ. ಲೋಟ ಇಳಿಸ್ತಿದ್ದೆ."

ತಾತ ನನ್ನ ಮುಖ ನೋಡಿ, ಸರಿ ಹೋಗು ಎಂದ. ಕಿಂಡಿಗೆ ಹೋಗಿದ್ದೆನೆಂದು ಗೊತ್ತಾದರೆ ಅವ್ವ ಬಯ್ಯುತ್ತಾಳೆಂಬ ಹೆದರಿಕೆ ಇತ್ತು. ಅಪ್ಪ ಬಾಗಿಲಲ್ಲಿದ್ದ. ಆದರೆ ಇನ್ನೊಂದು ಮಾತೂ ಇದೆ. ತಮ್ಮಯ್ಯ ತಪ್ಪು ಮಾಡಿದನೆಂದರೆ ಮನೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂದು ಹನ್ನೊಂದು ವರ್ಷಕ್ಕೇ ನನಗೆ ತಿಳಿದಿತ್ತು. ಅದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ನನ್ನ ಬಗ್ಗೆ ನನಗೆ ಗೊತ್ತಿರುವ ಸಂಗತಿಗಳಲ್ಲಿ ಇದನ್ನು ನಾನು ಹೆಚ್ಚು ಸಲ ನೆನೆದಿದ್ದೇನೆ.

ಮಾರನೆಯ ದಿನ ತಮ್ಮಯ್ಯ ಬರಲಿಲ್ಲ. ಮಾಡಿನಲ್ಲಿದ್ದ ಅವನ ತಟ್ಟೆಯನ್ನು ಅವನ ತಾಯಿ ಬಂದು ತೆಗೆದುಕೊಂಡು ಹೋದಳು. ನೆಂಟರು, ಆಳಿನ ತಪ್ಪಿಗೆ ಹೆಣ್ಣು ಏನು ಮಾಡೀತು ಎಂದು ಸಂಬಂಧ ಒಪ್ಪಿದರು. ಹೆಣ್ಣಿನ ಅಣ್ಣನೇ ಹೆಣ್ಣು ನೋಡುವ ದಿನ ಹೆತ್ತಪ್ಪನ ಸೊಂಟ ಮುರಿಸಿದ ಎಂದು ಗೊತ್ತಾಗಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ, ನಾನು ಹೇಳಲಾರೆ. ತಾತ ಯುಗಾದಿಯವರೆಗೆ ಮಂಚದ ಮೇಲಿದ್ದು ತೀರಿಕೊಂಡ. ಅಪ್ಪ ಕಾಡಿಗೆಯ ಬೀಜ ಒಡೆಸಿ ಉಳುವ ಎತ್ತು ಮಾಡಿದ. ಬೂದ ಮುದಿಯಾದ ಮೇಲೆ ಹೊಸ ಹೋರಿ ಕಟ್ಟಲಿಲ್ಲ. ಜನ ಹಸುಗಳನ್ನು ಇಂಜೆಕ್ಷನ್ನಿಗೆ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗತೊಡಗಿದರು. ತಮ್ಮಯ್ಯನ ಕೈಗೆ ಹೋರಿ ಕೊಡುವವರು ಸುತ್ತ ಎಲ್ಲೂ ಸಿಗಲಿಲ್ಲ. ಗಳ ತೆಗೆದವನು ಎಂಬ ಹೆಸರು ಅವನಿಗಿಂತ ಮುಂಚೆ ಅರಕಲಗೂಡಿನವರೆಗೂ ಹೋಗಿತ್ತು. ಅವನು ಇಟ್ಟಿಗೆ ಗೂಡಿನಲ್ಲಿ ದುಡಿದ. ಹಗ್ಗ ಹಿಡಿಯುವ ಕೆಲಸ ಅವನಿಗೆ ಮತ್ತೆ ಸಿಗಲಿಲ್ಲ.

ಆ ದಿನದ ಬಗ್ಗೆ ಜಯತ್ತೆಯನ್ನು ನಾನು ಕೇಳಿದ್ದು ಅಪ್ಪ ಸತ್ತ ಮೇಲೆ, ಅವಳ ಗಂಡನ ಮನೆಯಲ್ಲಿ. ಹೋರಿ ಹಾರಿದ ಹೊತ್ತಿನಲ್ಲಿ ಅವಳು ಹೊಸ ಸೀರೆ ಉಟ್ಟು ನಡುಮನೆಯ ಕಿಟಕಿಯಲ್ಲಿ ನಿಂತಿದ್ದಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ನೋಡಿದ್ದೆ ಕಣೇ. ಅಣ್ಣನ ಕೈಲೇ ಇತ್ತು ಹಗ್ಗ," ಎಂದಳು. ಬಟಾಣಿ ಸುಲಿಯುತ್ತಿದ್ದಳು, ನಿಲ್ಲಿಸಲಿಲ್ಲ. "ನಾನ್ ಬಾಯ್ ಬಿಟ್ಟಿದ್ರೆ ಈ ಮನೇಲಿ ಕೂತು ಬಟಾಣಿ ಸುಲೀತಿದ್ನಾ? ನೀನ್ಯಾಕ್ ಹೇಳ್ಲಿಲ್ಲ, ಅದ್ನ್ ಹೇಳು."

ನಾನೂ ಒಂದು ಹಿಡಿ ಬಟಾಣಿ ಎಳೆದುಕೊಂಡು ಸುಲಿಯತೊಡಗಿದೆ.

ನಿವೃತ್ತಿಯಾದ ಮೇಲೆ ಹಾಸನದಲ್ಲಿ ತಮ್ಮಯ್ಯನವರ ಮನೆ ಹುಡುಕಿಕೊಂಡು ಹೋದೆ. ಮಗಳ ಜೊತೆ ಇದ್ದಾರೆ. ಮಗಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಸೋಫಾ. ನನ್ನನ್ನು ಅದರಲ್ಲಿ ಕೂರಿಸಿ ಅವರು ಎದುರು ಕುರ್ಚಿಯಲ್ಲಿ ಕೂತರು. ಗುರುತು ಹೇಳಬೇಕಾಗಲಿಲ್ಲ.

"ಸಾವಿತ್ರವ್ವ ಅಲ್ವ? ಬಾ. ತಲೆಯೆಲ್ಲ ಬೆಳ್ಳಗಾಗದೆ ನಂದ್ಕಿಂತ ಮುಂಚೆ."

ನಾನು ಕಂಡದ್ದನ್ನೆಲ್ಲ ಮೇಲೆ ಬರೆದ ಕ್ರಮದಲ್ಲೇ ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕಿದ್ದು ಒಂದೇ ಕಡೆ. ನಾನು ಕಾಡಿಗೆ ನಾಲ್ಕು ಹೆಜ್ಜೆ ಬಂತು ಎಂದಾಗ, "ಮೂರು," ಎಂದರು. ಇರಬಹುದು. ಇಲ್ಲಿ ನಾನು ನಾಲ್ಕು ಎಂದೇ ಬರೆದಿದ್ದೇನೆ. ನನಗೆ ಕಂಡದ್ದು ಅಷ್ಟು.

"ನಿಮ್ ತಾತ ಕೇಳ್ದಾಗ ನಾನು ಕಿಟ್ಕಿ ತಾವ್ಲೇ ಇದ್ದೆ," ಎಂದರು. "ಸಿಟ್ಟಾಗ್ಲಿಲ್ಲ ಕಣವ್ವ ನಿನ್ ಮ್ಯಾಲೆ. ಮಗು ನೀನು. ಆದ್ರೆ ಆಮೇಲೆ ಮಗುವಾಗೇ ಇರ್ಲಿಲ್ವಲ್ಲ ನೀನು."

ಕಾಫಿ ತಂದ ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹೊರಡುವಾಗ ಗೇಟಿನವರೆಗೆ ಬಂದರು.

"ಅಪ್ಪ ನಮ್ಗೆ ಯಾವಾಗ್ಲೂ ಹೇಳ್ತಿದ್ರು ಮೇಡಂ. ನಾವು ನಂಬಿದ್ವಿ. ನಮ್ಮನೇವ್ರು ನಂಬಿದ್ರೆ ಅದು ಮನೆ ಒಳಗೇ ಇರುತ್ತೆ. ನೀವು ಬರ್ದುಕೊಡಿ. ಹೆಸರು ಹಾಕಿ ಬರೀರಿ."

ಬರೆದಿದ್ದೇನೆ. ಹೋರಿಯನ್ನು ಗಳ ತೆಗೆದು ಹೊರಗೆ ತಂದವನು ನನ್ನ ತಂದೆ. ಅದನ್ನು ಕಣ್ಣಾರೆ ಕಂಡವರಲ್ಲಿ ಇಂದು ಬದುಕಿರುವವರು ಮೂವರು. ನಾನು, ಸಾವಿತ್ರಿ. ನನ್ನ ಸೋದರತ್ತೆ ಜಯಮ್ಮ, ಚನ್ನರಾಯಪಟ್ಟಣದಲ್ಲಿದ್ದಾಳೆ. ತಮ್ಮಯ್ಯ, ತಂದೆಯ ಹೆಸರು ಚಿಕ್ಕಯ್ಯ, ಹಾಸನದಲ್ಲಿದ್ದಾರೆ. ಮೂವರಲ್ಲಿ ಅದನ್ನು ಆ ದಿನವೇ ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ.